ಕುದುರೆಗಿಂತ ಮೊದಲು ಅದರ ಹಳೇ ಮೇವು ಬರಲಿ

ಗವಿಪುರಂನ ಸ್ನೇಹಿತರೊಬ್ಬರು ಕನಕಪುರ ರಸ್ತೆಯ ತಮ್ಮ ತೋಟಕ್ಕೆ ಕುದುರೆ ಕೊಂಡಿದ್ದಾರೆ. ಗೊಬ್ಬರಕ್ಕೂ ಆಯ್ತು, ಮಗಳ ಆಸೆಗೂ ಆಯ್ತು ಅಂತ ಲೆಕ್ಕ. ಲಾಯ ರೆಡಿ, ಹುರುಳಿ ಮೂಟೆಯೂ ರೆಡಿ. ಇಷ್ಟು ದಿನ ಅದು ಏನು ತಿಂತಿತ್ತು ಅಂತ ಮಾತ್ರ ಕೇಳಿಲ್ಲ!

ಕುದುರೆ ಹಸುವಿನ ಹಾಗೆ ಮೆಲುಕು ಹಾಕಲ್ಲ, ವಾಂತಿ ಮಾಡೋಕೂ ಆಗಲ್ಲ. ಹುಲ್ಲಿನ ನಾರನ್ನು ಅರಗಿಸೋದು ದೊಡ್ಡಕರುಳಿನ ಸೂಕ್ಷ್ಮಾಣುಗಳು. ಹೊಸ ಮೇವಿಗೆ ಹೊಂದಿಕೊಳ್ಳಲು ಅವಕ್ಕೆ ಸಮಯ ಬೇಕು. ಬಂದ ದಿನವೇ ಹುರುಳಿ, ಬೂಸಾ ಸುರಿದರೆ ಹೊಟ್ಟೆಶೂಲೆ ಬಂದು ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಮಾರುವವರಿಂದಲೇ ಹತ್ತು ದಿನದ ಮೇವು ತನ್ನಿ. ಮೊದಲು ಮುಕ್ಕಾಲು ಪಾಲು ಹಳೇದು, ಕಾಲು ಪಾಲು ಹೊಸದು. 7ರಿಂದ 10 ದಿನದಲ್ಲಿ ನಿಧಾನವಾಗಿ ಬದಲಾಯಿಸಿ. 400 ಕೆ.ಜಿ. ತೂಕದ ಕುದುರೆಗೆ ದಿನಕ್ಕೆ 6ರಿಂದ 8 ಕೆ.ಜಿ. ಒಣಹುಲ್ಲು ಬೇಕು, ಬೂಷ್ಟು ಹಿಡಿದದ್ದು ಬೇಡ. ನೀರು ಸದಾ ಇರಲಿ. ಹಸುವಿನ ಫೀಡ್ ಹಾಕಲೇಬೇಡಿ: ಕೆಲವದರಲ್ಲಿರುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ.

ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಕೊಳ್ಳುವ ಮುಂಚೆಯೇ ಆಗಲಿ, ಆ ರೋಗ ಮನುಷ್ಯರಿಗೂ ಅಂಟುತ್ತೆ. ಟೆಟನಸ್ ಲಸಿಕೆ ಹಾಕಿಸಿದ್ದಾರಾ ಅಂತಲೂ ಕೇಳಿ.

ಕುದುರೆ ಮೇವು ಬಿಟ್ಟು, ನೆಲ ಕೆರೆಯುತ್ತಾ, ಪದೇಪದೇ ಹೊಟ್ಟೆ ಕಡೆ ತಿರುಗಿ ನೋಡಿದರೆ ಮನೆಮದ್ದು ಬೇಡ. ಮೇವು ತೆಗೆದಿಟ್ಟು ತಕ್ಷಣ ಪಶುವೈದ್ಯರನ್ನು ಕರೆಸಿ.