ಜನರೇಟರ್, ಟ್ರ್ಯಾಕ್ಟರ್ ಕೂಲಂಟ್ ಬದಲಾಯಿಸುವ ಕ್ರಮ ಮತ್ತು ಕರುಗಳ ರಕ್ಷಣೆ



ಮೇವು, ಬೆದೆ, ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕಾದ ಪಶುವೈದ್ಯರು ಇಂಜಿನ್ ವಿಷಯ ಬರೆಯುವುದೇಕೆ ಎಂದು ತಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಟ್ರ್ಯಾಕ್ಟರಿನ ರೇಡಿಯೇಟರಿನಿಂದ ಬಿಟ್ಟ ಹಸಿರು ನೀರನ್ನು ಬಾಂಡ್ಲಿಯಲ್ಲಿ ಹಿಡಿದು ಕೊಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದರು. ಎರಡು ತಿಂಗಳ ಹೆಣ್ಣು ಕರು ಹಗ್ಗ ಬಿಚ್ಚಿಕೊಂಡು ಬಂದು ಅದನ್ನು ಕುಡಿದಿತ್ತು. ಸಂಜೆ ಕರು ತೂರಾಡುತ್ತಿದೆ ಎಂದು ನನ್ನನ್ನು ಕರೆಸಿದರು. ಬಾಂಡ್ಲಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಮಾರನೆಯ ದಿನ ಮನೆಯ ಹುಡುಗ ಹೇಳಿದಾಗ ತಡವಾಗಿತ್ತು. ಮೂರನೆಯ ದಿನ ಕರು ಸತ್ತಿತು. ಒಳ್ಳೆಯ ತಳಿಯ, ಮುಂದೆ ಹಾಲಿನ ಹಸುವಾಗಬೇಕಿದ್ದ ಕರು ಅದು.

ಇಂದು ಅನೇಕ ಸಂಘಗಳಲ್ಲಿ ಬಲ್ಕ್ ಮಿಲ್ಕ್ ಕೂಲರ್ ಇದೆ, ಅದಕ್ಕೆ ಡೀಸೆಲ್ ಜನರೇಟರ್ ಇದೆ. ಹಲವು ಸದಸ್ಯರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಆದ್ದರಿಂದ ಕೂಲಂಟ್ ಬದಲಾಯಿಸುವ ಸರಿಯಾದ ಕ್ರಮವನ್ನೂ, ಅದರಿಂದ ರಾಸುಗಳನ್ನು ಕಾಪಾಡುವ ಬಗೆಯನ್ನೂ ಒಟ್ಟಿಗೇ ತಿಳಿಯುವುದು ಒಳ್ಳೆಯದು.

ಕೂಲಂಟ್ ಏಕೆ ಬೇಕು?

ಕೂಲಂಟ್‌ನಲ್ಲಿರುವ ಮುಖ್ಯ ವಸ್ತು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್. ಚಳಿ ದೇಶಗಳಲ್ಲಿ ಇಂಜಿನ್ನಿನೊಳಗಿನ ನೀರು ಹೆಪ್ಪುಗಟ್ಟದಿರಲೆಂದು ಇದನ್ನು ಬಳಸತೊಡಗಿದರು. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಮಿಶ್ರಣವು ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಗಟ್ಟಿಯಾಗುವುದಿಲ್ಲ.

ನಮ್ಮಲ್ಲಿ ಅಂಥ ಚಳಿ ಇಲ್ಲ. ಆದರೂ ಎರಡು ಉಪಯೋಗಗಳಿವೆ. ಮೊದಲನೆಯದು, ಈ ಮಿಶ್ರಣ ಬರೀ ನೀರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ಕುದಿಯುತ್ತದೆ. ಎರಡನೆಯದು, ಇದರಲ್ಲಿ ತುಕ್ಕು ತಡೆಯುವ ಔಷಧಿ ಸೇರಿರುತ್ತದೆ. ಗಡಸಾದ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಹೋದರೆ, ನೀರೊಲೆಯ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಪದರ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಇಂಜಿನ್ ಬಿಸಿಯೇರಿ ನಿಲ್ಲುತ್ತದೆ. ಬೇಸಿಗೆಯ ಸಂಜೆ ಕರೆಂಟ್ ಹೋದಾಗ ಜನರೇಟರ್ ಹೀಗೆ ನಿಂತರೆ, 4 ಡಿಗ್ರಿಗೆ ತಣಿಯಬೇಕಾದ ಹಾಲು ಬೆಚ್ಚಗೇ ಉಳಿದು ಹುಳಿಯಾಗುತ್ತದೆ. ನಷ್ಟ ಇಡೀ ಸಂಘಕ್ಕೆ.

ಬದಲಾಯಿಸುವ ಕ್ರಮ

1. ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಇಂಜಿನ್ ಹೆಡ್ ಸೀಳಬಹುದು.

2. ಹತ್ತಿರದಲ್ಲಿ ಕಟ್ಟಿರುವ ಕರು, ಕುರಿ, ಮೇಕೆಗಳನ್ನು ದೂರ ಕಟ್ಟಿ. ನಾಯಿಯನ್ನೂ ಹತ್ತಿರ ಬಿಡಬೇಡಿ.

3. ಕೆಳಗೆ ಅಗಲವಾದ ಪಾತ್ರೆ ಇಟ್ಟು ಡ್ರೈನ್ ಕಾಕ್ ತೆರೆಯಿರಿ. ಇಂಜಿನ್ ಬ್ಲಾಕಿಗೆ ಬೇರೆ ಡ್ರೈನ್ ಪ್ಲಗ್ ಇದ್ದರೆ ಅದನ್ನೂ ತೆರೆಯಿರಿ. ಹೊರಬಂದದ್ದು ಎಷ್ಟು ಲೀಟರ್ ಎಂದು ಅಳೆದು ಬರೆದುಕೊಳ್ಳಿ. ಅಳೆಯಲು ಹಾಲಿನ ಕ್ಯಾನ್, ಹಾಲಿನ ಅಳತೆ ಪಾತ್ರೆ, ಕಲಗಚ್ಚಿನ ಬಾನಿ ಇವುಗಳನ್ನು ಎಂದಿಗೂ ಬಳಸಬಾರದು.

4. ಹಳೆಯ ಕೂಲಂಟನ್ನು ಕೂಡಲೇ ಮುಚ್ಚಳವಿರುವ ಕ್ಯಾನಿಗೆ ತುಂಬಿ, 'ವಿಷ' ಎಂದು ಬರೆದು, ಬೀಗ ಹಾಕುವ ಜಾಗದಲ್ಲಿಡಿ.

5. ಶುದ್ಧ ನೀರು ತುಂಬಿ, ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ತಣಿದ ಮೇಲೆ ಆ ನೀರನ್ನೂ ಪಾತ್ರೆಗೇ ಬಿಡಿ. ಸ್ವಚ್ಛ ನೀರು ಬರುವವರೆಗೆ ಹೀಗೆ ಮಾಡಿ. ಈ ತೊಳೆದ ನೀರಿನಲ್ಲೂ ವಿಷ ಇರುತ್ತದೆ, ಚರಂಡಿಗೆ ಬಿಡಬೇಡಿ.

6. ಹೊಸದನ್ನು ತುಂಬುವಾಗ ಬಹಳ ಜನ ತಪ್ಪುವುದು ಲೆಕ್ಕದಲ್ಲಿ. ತೊಳೆದ ನೀರು ಎಲ್ಲವೂ ಹೊರಗೆ ಬರುವುದಿಲ್ಲ. ಉದಾಹರಣೆಗೆ, ಇಂಜಿನ್ ಪುಸ್ತಕದಲ್ಲಿ ಒಟ್ಟು 12 ಲೀಟರ್ ಎಂದಿದೆ, ಹೊರಬಂದದ್ದು 9 ಲೀಟರ್ ಎಂದುಕೊಳ್ಳೋಣ. ಉಳಿದ 3 ಲೀಟರ್ ನೀರು ಒಳಗೇ ಇದೆ. ಅರ್ಧಕ್ಕರ್ಧ ಮಿಶ್ರಣ ಆಗಬೇಕಾದರೆ 6 ಲೀಟರ್ ಕೂಲಂಟ್ ಬೇಕು. ಆದ್ದರಿಂದ ಮೊದಲು ನೀರು ಬೆರೆಸದ ಕೂಲಂಟ್ 6 ಲೀಟರ್ ಹಾಕಿ, ನಂತರ 3 ಲೀಟರ್ ನೀರು ಹಾಕಬೇಕು. ನೀರು ಬೆರೆಸಿಯೇ ಮಾರುವ ಸಿದ್ಧ ಕೂಲಂಟನ್ನು 9 ಲೀಟರ್ ಹಾಕಿದರೆ ಒಟ್ಟು 12 ಲೀಟರಿನಲ್ಲಿ ನಿಜವಾದ ಕೂಲಂಟ್ ನಾಲ್ಕೂವರೆ ಲೀಟರ್ ಮಾತ್ರ ಆಗುತ್ತದೆ. ಕ್ಯಾನಿನ ಮೇಲಿನ ಬರಹ ಓದಿ ಯಾವ ಬಗೆಯದು ಎಂದು ಖಚಿತ ಮಾಡಿಕೊಳ್ಳಿ.

7. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ. ಬೇರೆ ಬೇರೆ ಬಗೆಯ ಕೂಲಂಟ್‌ಗಳನ್ನು ಒಂದಕ್ಕೊಂದು ಬೆರೆಸಬೇಡಿ. ನೀರೇ ಇಲ್ಲದೆ ಬರೀ ಕೂಲಂಟ್ ಹಾಕಿದರೆ ಇನ್ನೂ ಒಳ್ಳೆಯದೆಂಬುದು ತಪ್ಪು. ಅದು ನೀರಿನಷ್ಟು ಬಿಸಿಯನ್ನು ಒಯ್ಯಲಾರದು.

8. ನಿಧಾನವಾಗಿ ಸುರಿಯಿರಿ. ಬೇಗ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಹೋಸುಗಳನ್ನು ಕೈಯಿಂದ ಹಿಚುಕಿದರೆ ಗುಳ್ಳೆಗಳು ಮೇಲೆ ಬರುತ್ತವೆ. ತಣ್ಣಗಿರುವ ಇಂಜಿನ್ನನ್ನು ಮುಚ್ಚಳ ತೆಗೆದಿಟ್ಟೇ ಚಾಲೂ ಮಾಡಿ. ಥರ್ಮೋಸ್ಟ್ಯಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ಅದೇ ಮಿಶ್ರಣ ಸೇರಿಸಿ ಮುಚ್ಚಿ. ಮಾರನೆಯ ಬೆಳಿಗ್ಗೆ ಮಟ್ಟವನ್ನು ಮತ್ತೊಮ್ಮೆ ನೋಡಿ.

ರಾಸುಗಳಿಗೆ ಆಗುವ ಅಪಾಯ

ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ಆದ್ದರಿಂದಲೇ ಪ್ರಾಣಿಗಳು ಇದನ್ನು ಕುಡಿಯುತ್ತವೆ. ಮೆಲುಕು ಹಾಕದ ಎಳೆಗರುವಿಗೆ ಪ್ರತಿ ಕಿಲೋ ತೂಕಕ್ಕೆ ಸುಮಾರು 2 ಮಿ.ಲೀ. ಸಾಕು ವಿಷವಾಗಲು. ಅಂದರೆ 40 ಕಿಲೋ ಕರುವಿಗೆ 80 ಮಿ.ಲೀ., ಅರ್ಧ ನೀರು ಬೆರೆತಿದ್ದರೆ ಒಂದು ಸಣ್ಣ ಲೋಟದಷ್ಟು. ದೊಡ್ಡ ರಾಸು ಇದಕ್ಕಿಂತ ಹೆಚ್ಚು ತಡೆಯುತ್ತದೆ, ಪ್ರತಿ ಕಿಲೋಗೆ 5 ರಿಂದ 10 ಮಿ.ಲೀ. ಬೇಕು. ನಾಯಿ, ಬೆಕ್ಕುಗಳಿಗೆ ಬಹಳ ಸ್ವಲ್ಪವೇ ಮಾರಕ.

ಮೊದಲು ಪ್ರಾಣಿ ಕುಡಿದವರಂತೆ ತೂರಾಡುತ್ತದೆ, ಉಸಿರು ಜೋರಾಗುತ್ತದೆ. ಯಕೃತ್ತಿನಲ್ಲಿ ಈ ವಸ್ತು ಒಡೆದು ಆಮ್ಲಗಳಾಗುತ್ತದೆ. ಅದರಲ್ಲೊಂದಾದ ಆಕ್ಸಲೇಟ್ ರಕ್ತದ ಸುಣ್ಣದ ಅಂಶವನ್ನು ಹಿಡಿದು ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಮೂತ್ರ ನಿಲ್ಲುತ್ತದೆ, ಪ್ರಾಣಿ ನೆಲ ಹಿಡಿಯುತ್ತದೆ. ಸುಣ್ಣದ ಅಂಶ ಕಡಿಮೆಯಾಗುವುದರಿಂದ ದೊಡ್ಡ ಹಸುವಿನಲ್ಲಿ ಇದು ಹಾಲು ಜ್ವರದಂತೆಯೇ ಕಾಣಬಹುದು. ನೀವು ಹೇಳದಿದ್ದರೆ ವೈದ್ಯರಿಗೂ ಗೊತ್ತಾಗುವುದು ಕಷ್ಟ. ನಾಯಿಗಳಲ್ಲಿ ತೂರಾಟ ನಿಂತು ಸುಧಾರಿಸಿದಂತೆ ಕಂಡರೂ ಒಂದರಿಂದ ಮೂರು ದಿನಗಳಲ್ಲಿ ಮೂತ್ರಪಿಂಡ ಕೆಡುತ್ತದೆ.

ಕುಡಿದ ಕೆಲವೇ ಗಂಟೆಗಳೊಳಗೆ ಚಿಕಿತ್ಸೆ ಸಿಕ್ಕರೆ ಮಾತ್ರ ಉಳಿಯುವ ಸಾಧ್ಯತೆ ಇದೆ. ರೋಗಲಕ್ಷಣ ಕಾಣಲೆಂದು ಕಾಯದೆ ವೈದ್ಯರನ್ನು ಕರೆಸಿ, ಕೂಲಂಟ್ ಕ್ಯಾನನ್ನು ತೋರಿಸಿ, ಎಷ್ಟು ಹೊತ್ತಿಗೆ ಎಷ್ಟು ಕುಡಿದಿರಬಹುದೆಂದು ಹೇಳಿ. ಎಣ್ಣೆ, ಮಜ್ಜಿಗೆ, ಸಾರಾಯಿ ಕುಡಿಸುವುದು ಬೇಡ.

ಹೆಸರು ನೋಡಿ ಮೋಸ ಹೋಗಬೇಡಿ

ಕರು ಹಾಕಿದ ಕೆಲವು ವಾರಗಳಲ್ಲಿ ಹಿಂಡಿ ಬಿಟ್ಟು, ಹಾಲು ಇಳಿದು, ಕೀಟೋಸಿಸ್ ಬಂದ ಹಸುವಿಗೆ ನಾವು ಪ್ರೊಪಿಲೀನ್ ಗ್ಲೈಕಾಲ್ ಕುಡಿಸಲು ಹೇಳುತ್ತೇವೆ. ಅದು ಹಸುವಿನ ದೇಹದಲ್ಲಿ ಸಕ್ಕರೆಯಾಗಿ ಶಕ್ತಿ ಕೊಡುತ್ತದೆ. ಎರಡರ ಹೆಸರಿನಲ್ಲೂ 'ಗ್ಲೈಕಾಲ್' ಇದೆ, ಎರಡೂ ಸಿಹಿ. ಆದರೆ ಒಂದು ಔಷಧಿ, ಇನ್ನೊಂದು ವಿಷ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಸತ್ತಾಗ, ಅನುಮಾನಕ್ಕೊಳಗಾದ ಸಿರಪ್‌ಗಳಲ್ಲಿ ಎಥಿಲೀನ್ ಗ್ಲೈಕಾಲ್ ಮತ್ತು ಡೈಎಥಿಲೀನ್ ಗ್ಲೈಕಾಲ್ ಇದ್ದುದು ಪರೀಕ್ಷೆಯಲ್ಲಿ ಕಂಡುಬಂತು. ಆದ್ದರಿಂದ ಹಸುವಿನ ಔಷಧಿಯನ್ನು ವೈದ್ಯರ ಚೀಟಿಯ ಮೇಲೆ ಔಷಧಿ ಅಂಗಡಿಯಿಂದಲೇ ತನ್ನಿ. ಔಷಧಿ ಬಾಟಲಿಯಲ್ಲಿ ಕೂಲಂಟನ್ನಾಗಲಿ, ಕೂಲಂಟ್ ಕ್ಯಾನಿನಲ್ಲಿ ಔಷಧಿಯನ್ನಾಗಲಿ ಇಡಬೇಡಿ.

ನೆನಪಿಡಬೇಕಾದ ಅಂಶಗಳು

* ಚೆಲ್ಲಿದ ಕೂಲಂಟ್ ಮೇಲೆ ಒಣ ಮಣ್ಣು ಅಥವಾ ಮರದ ಹೊಟ್ಟು ಹಾಕಿ, ಬಾಚಿ ತೆಗೆದು, ಆ ಜಾಗವನ್ನು ಚೆನ್ನಾಗಿ ತೊಳೆಯಿರಿ.
* ಹಳೆಯ ಕೂಲಂಟನ್ನು ಬಾವಿ, ಕೆರೆ, ಚರಂಡಿ ಬಳಿ ಸುರಿಯದೆ ಸರ್ವಿಸ್ ಮಾಡುವ ಗ್ಯಾರೇಜಿಗೆ ಒಪ್ಪಿಸಿ.
* ಖಾಲಿ ಕ್ಯಾನನ್ನು ಕತ್ತರಿಸಿ ನೀರಿನ ತೊಟ್ಟಿ ಮಾಡಬೇಡಿ.
* ಜನರೇಟರ್ ಕೆಳಗೆ ಹನಿ ಬೀಳುತ್ತಿದ್ದರೆ ಅದೇ ದಿನ ಕಾರ್ಯದರ್ಶಿಗಳಿಗೆ ತಿಳಿಸಿ ಸರಿಪಡಿಸಿ.

ಈ ಪುಟವನ್ನು ಸಂಘದ ಜನರೇಟರ್ ನೋಡಿಕೊಳ್ಳುವವರಿಗೂ, ಟ್ರ್ಯಾಕ್ಟರ್ ಓಡಿಸುವ ಮಕ್ಕಳಿಗೂ ಓದಿ ಹೇಳಬೇಕೆಂದು ಸದಸ್ಯರಲ್ಲಿ ವಿನಂತಿ.