ಹೃದಯದ ಮಟ್ಟ

ಹೊಸಪೇಟೆಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ನಿಂತಿರುವ ಅಣೆಕಟ್ಟನ್ನು ನೋಡದ ವಿದ್ಯಾರ್ಥಿಗಳು ನಮ್ಮ ಕಡೆ ವಿರಳ. 1953ರಲ್ಲಿ ಪೂರ್ಣಗೊಂಡ ಆ ಗೋಡೆ ಮೇಲ್ಗಡೆ ಕಿರಿದಾಗಿಯೂ ಬುಡದಲ್ಲಿ ಅಗಲವಾಗಿಯೂ ಇರುವುದೇಕೆ? ಆಳ ಹೆಚ್ಚಿದಂತೆಲ್ಲ ನೀರಿನ ಒತ್ತಡ ಹೆಚ್ಚುವುದೇ ಇದಕ್ಕೆ ಮುಖ್ಯ ಕಾರಣ. ಜಲಾಶಯ ಎಷ್ಟು ವಿಶಾಲವಾಗಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು. ಎಷ್ಟು ಆಳವಾಗಿದೆ ಎಂಬುದೇ ಮುಖ್ಯ. ಈ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು, ಅದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಹಗಲಿರುಳೂ ದಾದಿಯರ ಕೈಯಲ್ಲಿ ಪ್ರಯೋಗಗೊಳ್ಳುತ್ತಿದೆಯೆಂದು ಬಹುಶಃ ಊಹಿಸಿರಲಾರರು. ಅಲ್ಲಿ ಅದನ್ನು ಮರೆತರೆ ಕಳೆದುಹೋಗುವುದು ಅಂಕಗಳಲ್ಲ.

2021ರ ಕೋವಿಡ್ ಹಾವಳಿಯಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ಬಳಸಿಕೊಂಡು ತಾತ್ಕಾಲಿಕ ಆಸ್ಪತ್ರೆಯೊಂದನ್ನು ನಡೆಸಲಾಯಿತು. ವೆಂಟಿಲೇಟರ್, ಆಕ್ಸಿಮೀಟರ್ ಮೊದಲಾದ ಹೆಸರುಗಳು ಆ ಕಾಲದಲ್ಲಿ ಹಳ್ಳಿಹಳ್ಳಿಗೂ ಪರಿಚಿತವಾದುವು. ಆದರೆ ತೀವ್ರ ರೋಗಿಯ ಹಾಸಿಗೆಯ ಪಕ್ಕದಲ್ಲಿರುವ, ಅಂಗೈಯಲ್ಲಿ ಹಿಡಿಸುವ ಇನ್ನೊಂದು ಉಪಕರಣದ ಹೆಸರನ್ನು ಕೇಳಿದವರು ಕಡಿಮೆ. ಅದೇ ಒತ್ತಡದ ಟ್ರಾನ್ಸ್‌ಡ್ಯೂಸರ್.

ರಕ್ತದ ಒತ್ತಡ ಕ್ಷಣಕ್ಷಣಕ್ಕೂ ಬದಲಾಗುತ್ತಿರುವ ರೋಗಿಗೆ ತೋಳಪಟ್ಟಿಯ ಅಳತೆ ಸಾಲದು. ಆದುದರಿಂದ ಮಣಿಕಟ್ಟಿನ ಅಪಧಮನಿಯೊಳಕ್ಕೆ ಸಣ್ಣ ನಳಿಕೆಯೊಂದನ್ನು ಸೇರಿಸಿ, ಉಪ್ಪುನೀರು ತುಂಬಿದ ಕೊಳವೆಯ ಮೂಲಕ ಅದನ್ನು ಟ್ರಾನ್ಸ್‌ಡ್ಯೂಸರಿಗೆ ಜೋಡಿಸುತ್ತಾರೆ. ಅದರೊಳಗಿನ ತೆಳುಪೊರೆ ನಾಡಿ ಬಡಿದಂತೆಲ್ಲ ಬಾಗುತ್ತದೆ. ಆ ಬಾಗು ವಿದ್ಯುತ್ ಸಂಕೇತವಾಗಿ ಮಾರ್ಪಟ್ಟು ಪರದೆಯ ಮೇಲೆ ಅಂಕಿಯಾಗಿ ಮೂಡುತ್ತದೆ. ತತ್ತ್ವ ಹಳೆಯದು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುದುರೆಯೊಂದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದಾಗ, ರಕ್ತ ಅದರಲ್ಲಿ 8 ಅಡಿ 3 ಅಂಗುಲ ಮೇಲೇರಿತೆಂದು 1733ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರದಿ ಮಾಡಿದನು. ಆತ ಆ ಎತ್ತರವನ್ನು ಎಲ್ಲಿಂದ ಅಳೆದನೆಂಬುದು ಗಮನಾರ್ಹ: ನೆಲದಿಂದಲ್ಲ, ಕುದುರೆಯ ಹೃದಯದ ಮಟ್ಟದಿಂದ.

ಇಂದಿಗೂ ಅಳತೆಯ ಆಧಾರ ಹೃದಯವೇ. 1945ರಲ್ಲಿ ವಿನ್ಸರ್ ಮತ್ತು ಬರ್ಚ್ ಎಂಬ ಅಮೆರಿಕದ ವೈದ್ಯರು ಅದಕ್ಕೊಂದು ಗುರುತನ್ನು ಸೂಚಿಸಿದರು. ನಾಲ್ಕನೆಯ ಪಕ್ಕೆಲುಬಿನ ಕೆಳಗಿನ ಸಂದು ಮತ್ತು ಎದೆಯ ಮುಂದು-ಹಿಂದುಗಳ ನಡುಗೆರೆ, ಇವೆರಡೂ ಕೂಡುವ ಸ್ಥಳವದು. ಟ್ರಾನ್ಸ್‌ಡ್ಯೂಸರ್ ಈ ಮಟ್ಟದಲ್ಲಿಯೇ ಇರತಕ್ಕದ್ದು.

ಇಲ್ಲದಿದ್ದರೆ ಏನಾದೀತು? ಪಾದರಸ ನೀರಿಗಿಂತ 13.6 ಪಾಲು ಭಾರ. ಆದ್ದರಿಂದ 13.6 ಸೆಂ.ಮೀ. ನೀರು 10 ಮಿ.ಮೀ. ಪಾದರಸಕ್ಕೆ ಸಮ. ಟ್ರಾನ್ಸ್‌ಡ್ಯೂಸರನ್ನು ಬೇರೆ ನಿಲುವುಗಂಬಕ್ಕೆ ಕಟ್ಟಿದೆಯೆನ್ನಿ. ರೋಗಿಯನ್ನು ಮಗ್ಗುಲು ಹೊರಳಿಸುವ ಅನುಕೂಲಕ್ಕಾಗಿ ದಾದಿ ಮಂಚವನ್ನು 20 ಸೆಂ.ಮೀ. ಮೇಲೆತ್ತುತ್ತಾಳೆ. ಉಪಕರಣವು ಈಗ ಹೃದಯಕ್ಕಿಂತ 20 ಸೆಂ.ಮೀ. ಕೆಳಗಾಯಿತು, ಕೊಳವೆಯ ನೀರಿನ ಭಾರವೂ ಅದರ ಮೇಲೆ ಬಿದ್ದು ಅಂಕಿ ಸುಮಾರು 15 ಮಿ.ಮೀ. ಏರುತ್ತದೆ. ರೋಗಿಯ ದೇಹದಲ್ಲಿ ಏನೊಂದೂ ಬದಲಾಗಿಲ್ಲ! ನಂಜೇರಿ ಆಘಾತಕ್ಕೊಳಗಾದ ರೋಗಿಯಲ್ಲಿ ಸರಾಸರಿ ಒತ್ತಡ 65ಕ್ಕಿಂತ ಇಳಿಯದಂತೆ ನೋಡಿಕೊಳ್ಳುವುದು ವೈದ್ಯರ ಸಾಮಾನ್ಯ ಗುರಿ. ಅವನ ನಿಜವಾದ ಒತ್ತಡ 55 ಇದ್ದರೆ ಪರದೆ 70 ಎನ್ನುತ್ತದೆ. ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ನಾರ್‌ಅಡ್ರಿನಲಿನ್ ಔಷಧವನ್ನು ತಗ್ಗಿಸಬಹುದೆಂದೂ ತೋರೀತು; ಅತ್ತ ಮೂತ್ರಪಿಂಡಗಳಿಗೆ ರಕ್ತ ಸಾಲದೆ ಹೋಗುತ್ತಿರುತ್ತದೆ. ಉಪಕರಣ ಮೇಲಾದರೆ ತಪ್ಪು ತಲೆಕೆಳಗಾಗಿ, ಬೇಡದ ಔಷಧ ದೇಹವನ್ನು ಸೇರುತ್ತದೆ. ಯಂತ್ರ ಸುಳ್ಳು ಹೇಳಿತೆನ್ನುವುದು ನ್ಯಾಯವಲ್ಲ. ತಾನಿರುವ ಎಡೆಯ ಒತ್ತಡವನ್ನು ಅದು ಸರಿಯಾಗಿಯೇ ಹೇಳಿದೆ.

ಹಂಪೆಯ ಅರಮನೆಯ ಆವರಣದಲ್ಲಿ ಮೆಟ್ಟಿಲುಕೊಳಕ್ಕೆ ನೀರು ತರುತ್ತಿದ್ದ ಕಲ್ಲುಗಾಲುವೆಯನ್ನು ನೋಡಿದವರಿಗೆ, ಮಟ್ಟ ಹಿಡಿಯುವುದು ಎಂಥ ನಾಜೂಕಿನ ಕೆಲಸವೆಂಬುದು ತಿಳಿದೀತು. ನಮ್ಮ ಮೇಸ್ತ್ರಿಗಳು ಇಂದು ನೀರು ತುಂಬಿದ ಪಾರದರ್ಶಕ ಕೊಳವೆಯಿಂದಲೋ ರಸಮಟ್ಟದಿಂದಲೋ ಅದೇ ಕೆಲಸ ಮಾಡುತ್ತಾರೆ. ಒಳ್ಳೆಯ ನಿಗಾ ಘಟಕದಲ್ಲಿ ದಾದಿಯೂ ರಸಮಟ್ಟವನ್ನೇ ಹಿಡಿಯುತ್ತಾಳೆ. ಬರಿಗಣ್ಣಿನ ಅಂದಾಜು ಅನುಭವಿಗಳಲ್ಲಿಯೂ ತಪ್ಪುವುದುಂಟು.

ಇಲ್ಲಿ ಚುರುಕು ವಿದ್ಯಾರ್ಥಿಯೊಬ್ಬನು ಕೇಳಬಹುದು: ‘ಕಂಪ್ಲಿಯ ಗದ್ದೆಬಯಲಿಗಿಂತ ಸಂಡೂರಿನ ರಾಮನದುರ್ಗ ಸುಮಾರು 500 ಮೀಟರು ಎತ್ತರವಲ್ಲವೆ? ವಾಯುಭಾರವೇ ಅಲ್ಲಿ 40 ಮಿ.ಮೀ.ನಷ್ಟು ಕಡಿಮೆಯಿರುವಾಗ, ಕೆಲವು ಸೆಂಟಿಮೀಟರುಗಳ ಚಿಂತೆಯೇಕೆ?’ ಪ್ರಶ್ನೆ ಚೆನ್ನಾಗಿದೆ. ವಾಯುಭಾರ ರೋಗಿಯ ದೇಹವನ್ನೂ ಉಪಕರಣವನ್ನೂ ಒಂದೇ ಸಮನಾಗಿ ಒತ್ತುತ್ತದೆ. ದಾದಿ ಕೊಳವೆಯ ತಿರುಪನ್ನು ಗಾಳಿಗೆ ತೆರೆದು, ಆಗಿನ ಒತ್ತಡವನ್ನೇ ಸೊನ್ನೆಯೆಂದು ಯಂತ್ರಕ್ಕೆ ತಿಳಿಸುತ್ತಾಳೆ. ಹೀಗೆ ಊರಿನ ಎತ್ತರ ಲೆಕ್ಕದಿಂದ ಕಳೆದುಹೋಗುತ್ತದೆ. ಕೊಳವೆಯೊಳಗಿನ ನೀರಿನ ಎತ್ತರ ಕಳೆದುಹೋಗುವುದಿಲ್ಲ. ಸೊನ್ನೆ ಮಾಡುವುದೂ ಮಟ್ಟ ಹಿಡಿಯುವುದೂ ಬೇರೆ ಬೇರೆ ಕೆಲಸಗಳು. ಒಂದನ್ನು ಮಾಡಿ ಇನ್ನೊಂದೂ ಆಯಿತೆಂದು ಭಾವಿಸಬಾರದು.

ಈ ವಿಷಯದಲ್ಲಿ ಒಂದು ತೊಡಕುಂಟು. ಕೃತಕ ಉಸಿರಾಟದಲ್ಲಿರುವ ರೋಗಿಯ ತಲೆಯ ಕಡೆಯನ್ನು 30ರಿಂದ 45 ಡಿಗ್ರಿ ಎತ್ತಿರಿಸಬೇಕೆಂಬುದು ಇನ್ನೊಂದು ರಕ್ಷಣಾ ಕ್ರಮ. ಜಠರದ ದ್ರವ ಶ್ವಾಸಕೋಶಕ್ಕೆ ಹರಿದು ನ್ಯುಮೋನಿಯಾ ಬರುವ ಅಪಾಯ ಇದರಿಂದ ತಗ್ಗುತ್ತದೆ. ಆದರೆ ಹಾಗೆತ್ತಿದಾಗ ಹೃದಯದ ಮಟ್ಟವೂ ಬದಲಾಗುತ್ತದೆ. ಒಂದು ಎಚ್ಚರಿಕೆ ಇನ್ನೊಂದನ್ನು ಕೆಡಿಸುತ್ತದೆ! ಆದುದರಿಂದ ಪಾಳಿಯ ಆರಂಭದಲ್ಲಿ ಮಾತ್ರವಲ್ಲ, ರೋಗಿಯನ್ನು ಅಲುಗಿಸಿದಾಗಲೆಲ್ಲ, ಅಂಕಿ ಇದ್ದಕ್ಕಿದ್ದಂತೆ ಬದಲಾದಾಗಲೆಲ್ಲ ಮಟ್ಟವನ್ನು ನೋಡಬೇಕು. ಇಂಥ ರೋಗಿಗೆ ಒಬ್ಬ ದಾದಿಯಿರಬೇಕೆಂದು ತಜ್ಞರು ಹೇಳುವುದು ಸುಮ್ಮನಲ್ಲ. ನಾಲ್ಕು ಮಂಚಗಳ ನಡುವೆ ಓಡಾಡುವವಳಿಗೆ ಮಟ್ಟ ತಪ್ಪಿದರೆ, ಅವಳನ್ನು ದೂರುವ ಮೊದಲು ಮಂಚಗಳನ್ನು ಎಣಿಸುವುದು ಒಳಿತೆಂದು ನನ್ನ ಅಭಿಪ್ರಾಯ.

ಇದೇ ನಿಯಮ ಅದೇ ಮಂಚದ ಸುತ್ತ ಬೇರೆಡೆಯೂ ಕೆಲಸ ಮಾಡುತ್ತದೆ. ಔಷಧವನ್ನು ಹನಿಹನಿಯಾಗಿ ನೂಕುವ ಸಿರಿಂಜ್ ಪಂಪು ರೋಗಿಗಿಂತ ಬಹು ಎತ್ತರದಲ್ಲಿದ್ದು, ಸಿರಿಂಜಿನ ದಂಡ ಅದರ ಹಿಡಿತದಲ್ಲಿ ಸರಿಯಾಗಿ ಕೂರದಿದ್ದರೆ, ಔಷಧ ತನ್ನ ಭಾರದಿಂದಲೇ ಒಮ್ಮೆಗೆ ಇಳಿದುಬಿಡಬಹುದು. ಎದೆಗೂಡಿನಿಂದ ದ್ರವವನ್ನು ಹೊರತೆಗೆಯುವ ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಿದರೆ, ಹೊರಬಂದುದೇ ಒಳಕ್ಕೆ ಮರಳುತ್ತದೆ. ರೋಗಿಯನ್ನು ಎಕ್ಸ್‌ರೇ ಕೋಣೆಗೆ ಒಯ್ಯುವಾಗ ಆ ಬಾಟಲಿ ಮಂಚದ ಕೆಳಗೆ ತೂಗುತ್ತಿರುವುದು ಅದಕ್ಕಾಗಿಯೇ.