ಹೊಟ್ಟೆ ತುಂಬಿದರೂ ನಿಲ್ಲದ ಊಟ



ಮನೆಯವರೆಲ್ಲ ಮಲಗಿದ ಮೇಲೆ ಅಡಿಗೆಮನೆಗೆ ಹೋಗಿ ಉಳಿದ ರೊಟ್ಟಿ, ಶೇಂಗಾ ಉಂಡಿ, ಬೆಲ್ಲ ಎಲ್ಲವನ್ನೂ ಅವಸರದಿಂದ ತಿನ್ನುವುದು, ಹೊಟ್ಟೆ ನೋಯುವವರೆಗೆ ಕೈ ನಿಲ್ಲದಿರುವುದು, ಆಮೇಲೆ ನಾಚಿಕೆಯಿಂದ ಅಳುವುದು. ಇದು ಬರೀ ಬಾಯಿಚಪಲವಲ್ಲ. ವಾರಕ್ಕೊಮ್ಮೆಯಾದರೂ ಹೀಗಾಗಿ ಮೂರು ತಿಂಗಳು ಮುಂದುವರಿದರೆ ಚಿಕಿತ್ಸೆ ಬೇಕಾದ ಕಾಯಿಲೆ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ಸಂಗದ ಬಲ

ಕುಡಿತ ಬಿಡಲು ಹೆಣಗುತ್ತಿದ್ದ ಇಬ್ಬರು 1935ರಲ್ಲಿ ಅಮೆರಿಕದಲ್ಲಿ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಆರಂಭಿಸಿದರು. ಅದರ ಹನ್ನೆರಡು ಹೆಜ್ಜೆಗಳ ಮಾದರಿಯಲ್ಲಿಯೇ 1960ರಲ್ಲಿ ಲಾಸ್ ಏಂಜಲೀಸ್‌ನ ಮೂವರು ಮಹಿಳೆಯರು ‘ಓವರ್‌ಈಟರ್ಸ್ ಅನಾನಿಮಸ್’ ಕಟ್ಟಿದರು. ಇಲ್ಲಿ ಶುಲ್ಕವಿಲ್ಲ, ಹೆಸರು ಗುಟ್ಟಾಗಿರುತ್ತದೆ. ಫೋನ್, ಇಂಟರ್‌ನೆಟ್ ಮೂಲಕವೂ ಸಭೆಗಳು ನಡೆಯುತ್ತವೆ.

ಹೆಜ್ಜೆಗಳ ಸಾರ ಇಷ್ಟು: ನನ್ನೊಬ್ಬನಿಂದ ಆಗದು ಎಂದು ಒಪ್ಪುವುದು, ನಂಬಿದ ದೇವರಿಗೆ ಭಾರ ಒಪ್ಪಿಸುವುದು, ತಪ್ಪುಗಳನ್ನು ನಂಬಿಗಸ್ಥರ ಮುಂದೆ ಹೇಳುವುದು, ನಮ್ಮಿಂದ ನೊಂದವರೊಂದಿಗೆ ಸರಿಪಡಿಸಿಕೊಳ್ಳುವುದು, ಇನ್ನೊಬ್ಬರಿಗೆ ನೆರವಾಗುವುದು. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ನಾಡಿನವರಾದ ನಮಗೆ, ಕೂಡಿ ಕುಳಿತು ಅನುಭವ ಹೇಳಿಕೊಳ್ಳುವುದು ಹೊಸದೇನಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಸೆರೆಯನ್ನು ಪೂರ್ತಿ ಬಿಡಬಹುದು, ಊಟ ಬಿಡಲು ಬರುವುದಿಲ್ಲ. ಬಿಡಬೇಕಾದದ್ದು ಹಿಡಿತ ತಪ್ಪಿ ತಿನ್ನುವುದನ್ನು ಮಾತ್ರ. ಅದೂ ಜನ್ಮವಿಡೀ ಎಂದಲ್ಲ, ಇವತ್ತೊಂದು ದಿನ.

ರೋಗಿಗಳು ಗಮನಿಸಿ

1. ದಿನಕ್ಕೆ ಮೂರು ಹೊತ್ತು ವೇಳೆಗೆ ಸರಿಯಾಗಿ ಉಣ್ಣಿರಿ. ‘ನಿನ್ನೆ ಬಹಳ ತಿಂದೆ, ಇವತ್ತು ಉಪವಾಸ’ ಎಂದರೆ ಹಸಿವು ಕೆರಳಿ ರಾತ್ರಿ ಮತ್ತೆ ಅದೇ ಆಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ ಅಂಶ ಕುಸಿದು ಜೀವಕ್ಕೇ ಅಪಾಯ.
2. ತಿನ್ನಬೇಕೆನಿಸಿದಾಗ ಕೇಳಿಕೊಳ್ಳಿ: ಇದು ಹಸಿವೆಯೋ, ಸಿಟ್ಟೋ, ದುಃಖವೋ, ಒಂಟಿತನವೋ?
3. ನಂಬಿಗಸ್ಥರೊಬ್ಬರಿಗೆ ಹೇಳಿ. ಮುಚ್ಚಿಟ್ಟಷ್ಟೂ ಈ ಕಾಯಿಲೆ ಬಲಿಯುತ್ತದೆ.
4. ಸಂಘವು ಔಷಧಕ್ಕೆ ಬದಲಿ ಅಲ್ಲ. ವೈದ್ಯರ ಸಲಹೆ, ಆಪ್ತಸಮಾಲೋಚನೆ ಬಿಡಬೇಡಿ.

ಬಂಧುಗಳೇ,

ತಾಟಿನ ಮುಂದೆ ಕುಳಿತವರಿಗೆ ‘ಎಷ್ಟು ತಿಂತೀ?’ ಎಂದು ಹಂಗಿಸಬೇಡಿ. ಡಬ್ಬಿಗೆ ಕೀಲಿ ಹಾಕಬೇಡಿ. ಅವಮಾನವಾದಷ್ಟೂ ಕದ್ದು ತಿನ್ನುವುದು ಹೆಚ್ಚುತ್ತದೆ. ಅವರ ಜೊತೆ ಕುಳಿತು ಉಣ್ಣಿರಿ. ಮತ್ತೆ ಒಮ್ಮೆ ಹಿಡಿತ ತಪ್ಪಿದರೆ ಎಲ್ಲ ಹಾಳಾಯಿತೆಂದಲ್ಲ. ಮುಂದಿನ ಊಟದಿಂದ ಪುನಃ ಆರಂಭಿಸಬಹುದು.

ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ವಾರ್ಡಿನ ಸಿಸ್ಟರ್‌ಗೂ ಸಂಕೋಚವಿಲ್ಲದೆ ಹೇಳಿ. ಪ್ರಸಾದವೆಂದು ಉಂಡದ್ದು ದೇಹಕ್ಕೂ ಮನಸ್ಸಿಗೂ ಹಿತವಾಗಲಿ.